ಸಿಮ್800ಎಲ್ ಉತ್ತರ ಓದೋಕೆ ಮೂರು ದಾರಿ: ಡಿಲೇ, ರೀಡ್‌ಸ್ಟ್ರಿಂಗ್, ಇಲ್ಲಾ ಒಂದೊಂದೇ ಅಕ್ಷರ

ಮೂಡಿಗೆರೆ ಹತ್ರ ಚಿಕ್ಕಪ್ಪನ ತೋಟ, ರೋಬಸ್ಟಾಗೆ ಹೂ ಬರಿಸೋಕೆ ಫೆಬ್ರವರಿ-ಮಾರ್ಚಲ್ಲಿ ಸ್ಪ್ರಿಂಕ್ಲರ್ ಹೊಡೀಬೇಕು, ತ್ರೀ ಫೇಸ್ ಕರೆಂಟ್ ಮಾತ್ರ ಅದಕ್ಕಿಷ್ಟ ಬಂದಾಗ ಬರುತ್ತೆ. ಎಸ್ಸೆಮ್ಮೆಸ್ ಕಳಿಸಿದ್ರೆ ಮೋಟಾರ್ ಆನ್ ಆಗ್ಲಿ ಅಂತ ಆರ್ಡುಯಿನೋ ಊನೋ (ನಾವೇ ಪ್ರೋಗ್ರಾಮ್ ಬರೆದು ಹಾಕೋ ಚಿಕ್ಕ ಬೋರ್ಡ್) ಜೊತೆ ಸಿಮ್800ಎಲ್ ಕಟ್ಟಿದೆ. ಸಿಮ್800ಎಲ್ ಅಂದ್ರೆ ಸಿಮ್ ಹಾಕಿ ಎಸ್ಸೆಮ್ಮೆಸ್ ಕಳಿಸೋ, ತಗೊಳ್ಳೋ 2ಜಿ ಮೋಡೆಮ್, ಜಿಯೋ ಸಿಮ್ ಹಾಕಿದ್ರೆ ನೆಟ್‌ವರ್ಕೇ ಸಿಗಲ್ಲ, ಮೊದ್ಲೇ ಹೇಳ್ಬಿಡ್ತೀನಿ.

ಮೊದ್ಲು ಎಲ್ರೂ ಮಾಡೋದನ್ನೇ ಮಾಡಿದೆ, ಮೋಡೆಮ್‌ಗೆ ಕಮಾಂಡ್ ಕಳಿಸು, ಡಿಲೇ 1000 ಹಾಕು (ಅಂದ್ರೆ ಒಂದು ಸೆಕೆಂಡ್ ಏನೂ ಮಾಡದೆ ಕಾಯಿ), ಆಮೇಲೆ ಬಂದಿದ್ದನ್ನ ಓದು. ಟೇಬಲ್ ಮೇಲೆ ಚೆನ್ನಾಗೇ ಓಡ್ತು. ತೋಟದಲ್ಲಿ ಚಿಕ್ಕಪ್ಪ ಇಂಗ್ಲಿಷ್ ಅಕ್ಷರದಲ್ಲಿ "ಮೋಟಾರ್1 ಆನ್ 120" ಅಂತ ಕಳಿಸಿದ್ರು, ಅಂದ್ರೆ 120 ನಿಮಿಷ ಓಡಿಸು ಅಂತ. ಹನ್ನೆರಡೇ ನಿಮಿಷಕ್ಕೆ ಮೋಟಾರ್ ಬಂದ್! "ಏನೋ ಮಾರಾಯ, ನಿನ್ ಮಿಷಿನ್‌ಗೆ ಲೆಕ್ಕ ಬರಲ್ವೇನೋ" ಅಂತ ಫೋನಲ್ಲೇ ಬೈಗುಳ.

ಲೆಕ್ಕ ಹಾಕಿ ನೋಡಿದ್ರೆ ತಪ್ಪು ನಂದೇ. ಸಾಫ್ಟ್‌ವೇರ್‌ಸೀರಿಯಲ್ ಲೈಬ್ರರಿಯ ಬಫರ್ (ಮೋಡೆಮ್‌ನಿಂದ ಬಂದ ಅಕ್ಷರ ನಾವು ಓದೋವರೆಗೆ ಇಟ್ಕೊಳ್ಳೋ ಜಾಗ) 64 ಬೈಟ್, ಅಂದ್ರೆ 64 ಅಕ್ಷರ, ನಿಜವಾಗ್ಲೂ ಹಿಡಿಯೋದು 63. ಮೆಸೇಜ್ ಬಂದಾಗ ಮೋಡೆಮ್ ಮೊದ್ಲು ಹೆಡರ್ ಕಳಿಸುತ್ತೆ, +91 ಸೇರಿಸಿ ನಂಬರು, ತಾರೀಕು, ಟೈಮು, ಕೊನೆಗೊಂದು +22 (ಕಾಲು ಗಂಟೆ ಲೆಕ್ಕದಲ್ಲಿ 22, ಅಂದ್ರೆ ನಮ್ಮ ಐದೂವರೆ ಗಂಟೆ), ಸಾಲು ಮುರಿಯೋ ಅಕ್ಷರ ಎಲ್ಲಾ ಸೇರಿ 51. ಮೆಸೇಜ್‌ಗೆ ಉಳಿದಿದ್ದು 12 ಜಾಗ, ಚಿಕ್ಕಪ್ಪನ ಮೆಸೇಜ್ 13 ಅಕ್ಷರ. ಕೊನೇ ಸೊನ್ನೆ ಗೋವಿಂದ. 9600 ಬಾಡ್ ವೇಗದಲ್ಲಿ ಸೆಕೆಂಡ್‌ಗೆ ಸುಮಾರು 960 ಅಕ್ಷರ ಬರುತ್ತೆ, ಬಫರ್ ತುಂಬೋಕೆ ಒಂದು ಸೆಕೆಂಡಿನ ಹದಿನೈದನೇ ಒಂದು ಭಾಗ ಸಾಕು, ನಾವು ಅಲ್ಲಿ ಡಿಲೇ ಹಾಕ್ಕೊಂಡು ನಿದ್ದೆ ಹೊಡೀತಿರ್ತೀವಿ.

ಆಮೇಲೆ ರೀಡ್‌ಸ್ಟ್ರಿಂಗ್. ಬಂದಿದ್ದನ್ನೆಲ್ಲಾ ಒಟ್ಟಿಗೆ ಓದಿ ಕೊಡೋ ಈ ಫಂಕ್ಷನ್ ಬಂದಂಗೆ ಬಂದಂಗೆ ಎತ್ಕೊಳ್ಳುತ್ತೆ, ಅದು ಓದ್ತಿರೋವಾಗ ಕಳೆದುಹೋಗೋದು ಕಮ್ಮಿ, ಆದ್ರೆ ಕೊನೇ ಅಕ್ಷರ ಆದ್ಮೇಲೂ ಒಂದು ಸೆಕೆಂಡ್ ಸುಮ್ನೆ ಕಾಯುತ್ತೆ. ರೀಡ್‌ಸ್ಟ್ರಿಂಗ್‌ಅಂಟಿಲ್ ಹಾಕಿ ಸಾಲು ಸಾಲಾಗಿ ಓದಿದ್ರೆ ಆ ಕಾಯೋದು ತಪ್ಪುತ್ತೆ, ಆದ್ರೆ ಎಸ್ಸೆಮ್ಮೆಸ್ ಕಳಿಸೋವಾಗ ಮೋಡೆಮ್ ಕೊಡೋ > ಗುರುತು ಆದ್ಮೇಲೆ ಹೊಸ ಸಾಲು ಬರಲ್ಲ, ಅಲ್ಲಿ ಮತ್ತೆ ಪೂರ್ತಿ ಒಂದು ಸೆಕೆಂಡ್ ಮಂಕಾಗಿ ನಿಲ್ಲುತ್ತೆ. ಜೊತೆಗೆ ಊನೋದಲ್ಲಿರೋದೇ 2 ಕೆಬಿ ರ‍್ಯಾಮ್, ಸ್ಟ್ರಿಂಗ್ (ಅಕ್ಷರಗಳ ಸರಣಿ) ಕೂಡಿಸಿ ಕತ್ತರಿಸಿ ಮಾಡ್ತಾ ಇದ್ರೆ ಆ ಜಾಗ ಚೂರುಚೂರಾಗುತ್ತೆ, ನಂದು ಎರಡು ದಿನಕ್ಕೆ ಹ್ಯಾಂಗ್.

ಈಗ ಓಡ್ತಿರೋದು ಮೂರನೇದು. ಲೂಪಲ್ಲಿ ಡಿಲೇನೇ ಇಲ್ಲ, ಪ್ರತಿ ಸುತ್ತಲ್ಲೂ ಬಂದಿರೋ ಅಕ್ಷರ ಎತ್ತಿ 200 ಬೈಟ್‌ನ ಒಂದು ಚಾರ್ ಅರೇಗೆ (ಅಳತೆ ಬದಲಾಗದ ಅಕ್ಷರದ ಸಾಲಿಗೆ) ಹಾಕೋದು, ಹೊಸ ಸಾಲು ಬಂದ್ರೆ ಅಥವಾ > ಮೊದಲನೇ ಅಕ್ಷರವಾಗಿ ಬಂದ್ರೆ ಆ ಸಾಲು ಏನು ಅಂತ ನೋಡೋದು, ಟೈಮ್ಔಟ್‌ಗೆ ಮಿಲ್ಲಿಸ್, ಅಂದ್ರೆ ಕಾದಿದ್ದು ಸಾಕಾಯ್ತಾ ಅಂತ ನೋಡೋಕೆ ಬೋರ್ಡಿನ ಗಡಿಯಾರ. ದೊಡ್ಡ ಲಾಭ ಏನಂದ್ರೆ ನಾನು ಸಿಗ್ನಲ್ ಎಷ್ಟು ಅಂತ ಕೇಳ್ತಿರೋವಾಗ್ಲೇ ನಡುವೆ ಎಸ್ಸೆಮ್ಮೆಸ್ ನುಗ್ಗಿದ್ರೂ ಎರಡೂ ಬೇರೆ ಬೇರೆ ಸಾಲಾಗಿ ಕೈಗೆ ಸಿಗುತ್ತೆ. ಕೋಡ್ ಉದ್ದ ಆಯ್ತು, ಬರೆಯೋಕೆ ಒಂದು ಭಾನುವಾರ ಪೂರ್ತಿ ಹೋಯ್ತು.

ಇಎಸ್‌ಪಿ32 ಬೋರ್ಡ್ ಹಾಕಿದ್ರೆ ಸುಲಭ ಅಲ್ವಾ ಅಂತೀರಾ? ಹೌದು, ಹಾರ್ಡ್‌ವೇರ್ ಸೀರಿಯಲ್ ಇದೆ, ಬಫರ್ 256, ಹೊಸದಾಗಿ ತಗೊಳ್ಳೋರು ಅದನ್ನೇ ತಗೊಳ್ಳಿ. ಆದ್ರೆ ಕನ್ನಡದಲ್ಲಿ ಮೆಸೇಜ್ ಬಂದ್ರೆ ಒಂದೊಂದು ಅಕ್ಷರಕ್ಕೂ ನಾಲ್ಕು ಹೆಕ್ಸ್ ಅಂಕೆ (0ರಿಂದ 9, ಎ ಇಂದ ಎಫ್), 70 ಅಕ್ಷರಕ್ಕೆ 280 ಆಯ್ತು, ಅಂಥವು ಎರಡು ಒಟ್ಟಿಗೆ ಬರೋವಾಗ ಡಿಲೇ ಹಾಕ್ಕೊಂಡು ಕೂತ್ರೆ ಅಲ್ಲೂ ಅದೇ ಕತೆ.

ಇನ್ನೊಂದು, ಮೋಡೆಮ್ ಹೇಳೋದನ್ನ ಕಂಪ್ಯೂಟರಲ್ಲಿ ತೋರಿಸೋ ಸೀರಿಯಲ್ ಮಾನಿಟರ್‌ನಲ್ಲಿ ನಡುನಡುವೆ "ಕಾಲ್ ರೆಡಿ, ಎಸ್ಸೆಮ್ಮೆಸ್ ರೆಡಿ" ಅಂತ ಬರ್ತಿದ್ರೆ ಕೋಡ್ ಮುಟ್ಬೇಡಿ, ಮೋಡೆಮ್ ರೀಸೆಟ್ ಆಗ್ತಿದೆ. ಅದು ಒಮ್ಮೊಮ್ಮೆ 2 ಆಂಪಿಯರ್ ಎಳೆಯುತ್ತೆ, ವೋಲ್ಟೇಜ್ 3.4ಕ್ಕಿಂತ ಕೆಳಗೆ ಬೀಳಬಾರ್ದು. ನಾನು ಹಳೇ ಮೊಬೈಲ್ ಚಾರ್ಜರ್ ನಂಬಿ ಮೂರು ರಾತ್ರಿ ಪಾರ್ಸರ್ (ಉತ್ತರ ಬಿಡಿಸಿ ಓದೋ ಕೋಡ್) ತಿದ್ದಿದೀನಿ.