ಕ್ರಿಸ್ಮಸ್ ಆದ ಮೇಲಿನ ದಿನದ ಧ್ಯಾನ: ಪುಸ್ತಿಕೆಯೋ, ಫೋನೋ, ಬರೀ ಬೈಬಲ್ಲೋ?

ಕ್ರಿಸ್ಮಸ್ ಮುಗಿದ ಮೇಲಿನ ಎರಡು ವಾರಕ್ಕೆ ಧ್ಯಾನ ಆರಿಸಿಕೊಳ್ಳುವಾಗ ಬರವಣಿಗೆ ಎಷ್ಟು ಚೆನ್ನಾಗಿದೆ ಅನ್ನುವುದು ಆಮೇಲಿನ ಮಾತು. ಮೊದಲು ತಾರೀಖು ಸರಿಯಿದೆಯೇ ನೋಡಿ. ವರ್ಷದಲ್ಲಿ ಬೇರೆ ಯಾವಾಗಲೂ ವಾಚನಗಳು, ಅಂದರೆ ಕಥೋಲಿಕ ಚರ್ಚಿನಲ್ಲಿ ದಿನದಿನದ ಪೂಜೆಗೆ ಗೊತ್ತುಮಾಡಿದ ಬೈಬಲ್ ಭಾಗಗಳು, ಇಷ್ಟು ಹಿಂದೆಮುಂದೆ ಆಗುವುದಿಲ್ಲ. 2025ರ ಡಿಸೆಂಬರ್ 27ರಿಂದ 2026ರ ಜನವರಿ 10ರವರೆಗೆ ಪುಸ್ತಿಕೆ, ಫೋನಿನ ಧ್ಯಾನದ ಆಪ್, ಬೈಬಲ್ಲು ಮೂರನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದಿ ಬರೆದದ್ದು ಇದು.

ಫೋನಿನದ್ದು ಮೊದಲು, ಅಲ್ಲಿಯೇ ಹೆಚ್ಚು ಎಡವಟ್ಟು. ರೋಮಿನ ಕ್ಯಾಲೆಂಡರಿಗೆ ಮೂರು ರಾಯರ ಹಬ್ಬ (ಜ್ಞಾನಿಗಳು ಶಿಶು ಯೇಸುವನ್ನು ಕಂಡದ್ದರ ನೆನಪು) ಜನವರಿ 6. ನಮ್ಮಲ್ಲಿ, ಮೈಸೂರಿನ ಸಂತ ಫಿಲೋಮಿನಾ ಚರ್ಚಾಗಲಿ ಮಂಡ್ಯದ ಕಡೆಯ ಹಳ್ಳಿ ಚರ್ಚಾಗಲಿ, ಅದು ಜನವರಿ 2ರಿಂದ 8ರೊಳಗೆ ಬರುವ ಭಾನುವಾರ. ಈ ಸಲ ಜನವರಿ 4. ಹಾಗಾಗಿ ರೋಮಿನ ಲೆಕ್ಕದ ಆಪ್ ಆ ವಾರವಿಡೀ ನಮ್ಮ ಪೂಜೆಗಿಂತ ಹಿಂದೆ. ಯೇಸು ಐದು ರೊಟ್ಟಿಯಿಂದ ಜನಸಮೂಹಕ್ಕೆ ಉಣಿಸಿದ ವಾಚನ (ಮಾರ್ಕ 6:34-44) ನಮಗೆ ಮಂಗಳವಾರ 6ಕ್ಕೆ, ಆಪಿನಲ್ಲಿ ಗುರುವಾರ 8ಕ್ಕೆ. ಇದರಿಂದ ಏನು ಕೆಡುತ್ತದೆ? ಬುಧವಾರ ಪೂಜೆಯಲ್ಲಿ ಯೇಸು ನೀರಿನ ಮೇಲೆ ನಡೆದುಬರುವ ಭಾಗ. ಅದರ ಕೊನೆಯ ವಚನ, ಮಾರ್ಕ 6:52, ಶಿಷ್ಯರಿಗೆ ರೊಟ್ಟಿಯ ವಿಷಯ ಇನ್ನೂ ಅರ್ಥವಾಗಿರಲಿಲ್ಲ ಅನ್ನುತ್ತದೆ. ಹಿಂದಿನ ದಿನ ರೊಟ್ಟಿಯನ್ನು ಓದಿರದವನಿಗೆ ಆ ಸಾಲು ಎಲ್ಲಿಂದಲೋ ಬಿದ್ದ ಹಾಗಿರುತ್ತದೆ. ಆಪ್ ಬೇಕೇ ಬೇಕೆಂದರೆ ಸೆಟ್ಟಿಂಗಿನಲ್ಲಿ ದೇಶ ಭಾರತ ಅಂತ ಇದೆಯೇ ನೋಡಿ; ಆ ಆಯ್ಕೆಯೇ ಇಲ್ಲದಿದ್ದರೆ ಈ ಎರಡು ವಾರ ಬಿಟ್ಟುಬಿಡಿ. ವಾಟ್ಸಾಪಿನಲ್ಲಿ ಹರಿದಾಡುವ ಧ್ವನಿ ಸಂದೇಶಗಳಿಗೂ ಇದೇ ಮಾತು: ಕೇಳುವ ಮೊದಲು ವಾಚನದ ಅಂಕೆ ತಾಳೆ ಹಾಕಿ.

ಕನ್ನಡದ ಮಾಸಿಕ ಪುಸ್ತಿಕೆಗೆ ಈ ತೊಂದರೆಯಿಲ್ಲ. ಜನವರಿ 3ಕ್ಕೆ ಸಂತ ಚಾವರ, 14ಕ್ಕೆ ಸಂತ ದೇವಸಹಾಯಂ, ಎಲ್ಲ ನಮ್ಮ ಲೆಕ್ಕದಂತೆಯೇ. (14 ಅಂದರೆ ಸಂಕ್ರಾಂತಿಯ ಆಸುಪಾಸಿನ ಗಡಿಬಿಡಿ, ಎಳ್ಳುಬೆಲ್ಲದ ನಡುವೆ ಆ ಪುಟ ತೆರೆಯುವವರು ಕಡಿಮೆ.) ಕೊರತೆ ಎರಡು. ಡಿಸೆಂಬರಿನದೂ ಜನವರಿಯದೂ ಬೇರೆ ಬೇರೆ ಸಂಚಿಕೆ, ಹೊಸದು ಅಂಚೆಯಲ್ಲಿ ತಡವಾದರೆ ಸರಿಯಾಗಿ ನಡುವೆಯೇ ಕೊಂಡಿ ಕಳಚುತ್ತದೆ. ಎರಡನ್ನೂ ಡಿಸೆಂಬರಿನಲ್ಲೇ ತರಿಸಿಕೊಳ್ಳಿ. ಇನ್ನೊಂದು, ಧ್ಯಾನವೆಲ್ಲ ಶುಭಸಂದೇಶದ (ಯೇಸುವಿನ ಜೀವನದ ಭಾಗದ) ಮೇಲೆಯೇ, ಪೂಜೆಯಲ್ಲಿ ಅದಕ್ಕೂ ಮುಂಚೆ ಓದುವ ಮೊದಲ ವಾಚನವನ್ನು ಕೇಳುವವರಿಲ್ಲ.

ಆ ಮೊದಲ ವಾಚನವೇ ಈ ದಿನಗಳ ಬೆನ್ನೆಲುಬು. ಡಿಸೆಂಬರ್ 27ರಿಂದ ಬರುವುದು ಯೊವಾನ್ನನ ಮೊದಲ ಪತ್ರ. ಆದರೆ ಈ ಸಲ 28 ಭಾನುವಾರವಾಗಿ ಪವಿತ್ರ ಕುಟುಂಬದ ಹಬ್ಬ ಬಂದದ್ದರಿಂದ ಅದೇ ದಿನದ ಮುಗ್ಧ ಶಿಶುಗಳ ಹಬ್ಬ (ಹೆರೋದ ಕೊಲ್ಲಿಸಿದ ಮಕ್ಕಳ ನೆನಪು) ಬಿಟ್ಟುಹೋಗಿ, ಅದರ ಜೊತೆ ಪತ್ರದ 1:5–2:2 ಹೋಯಿತು. ಜನವರಿ 4ರ ಹಬ್ಬದಿಂದ 3:7-21 ಹೋಯಿತು. ಪೂಜೆಗೂ ಪುಸ್ತಿಕೆಗೂ ಸಿಗದ ಈ ತುಂಡುಗಳು ಬರೀ ಬೈಬಲ್ಲಿಗೆ ಸಿಗುತ್ತವೆ. ಪತ್ರದಲ್ಲಿ 105 ವಚನ, ದಿನ 15. ದಿನಕ್ಕೆ ಸರಿಯಾಗಿ 7.

ರಾತ್ರಿ ಊಟಕ್ಕೆ ಮೊದಲು ಒಬ್ಬರು ಏಳೂ ವಚನ ಜೋರಾಗಿ ಓದಲಿ, ಇನ್ನೊಬ್ಬರು ಮತ್ತೊಮ್ಮೆ. 3 ನಿಮಿಷ ಮೌನ. ಮನಸ್ಸಿಗೆ ಹತ್ತಿದ ಒಂದು ಮಾತು ನೋಟ್‌ಬುಕ್ಕಿಗೆ. ಒಟ್ಟು 10 ನಿಮಿಷ ಸಾಕು. ಉತ್ಸಾಹದಲ್ಲಿ ಇಡೀ ಅಧ್ಯಾಯ ಓದಬೇಡಿ: ಯೊವಾನ್ನ ಬೆಳಕು, ಪ್ರೀತಿ, ಸಹೋದರ ಅಂತ ಸುತ್ತಿ ಸುತ್ತಿ ಅಲ್ಲಿಗೇ ಬರುತ್ತಾನೆ, ಒಟ್ಟಿಗೆ ಓದಿದರೆ ಎಲ್ಲ ಕಲಸಿಹೋಗುತ್ತದೆ. ಕಣ್ಣಿಗೆ ಕಾಣುವ ಸಹೋದರನನ್ನು ಪ್ರೀತಿಸದವನ ಮಾತು (4:20) ಬಂದ ದಿನ, ಮನೆಯಲ್ಲಿ ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೋ ಅವರ ಎದುರೇ ಅದನ್ನು ಓದಬೇಕಾಗುತ್ತದೆ. ಯಾವ ಧ್ಯಾನದ ಬರಹವೂ ಅಷ್ಟು ಹತ್ತಿರ ಬಂದು ಕೂರುವುದಿಲ್ಲ.

ಬೆಳಿಗ್ಗೆ ಪುಸ್ತಿಕೆ, ರಾತ್ರಿ ಬೈಬಲ್ಲು: ನಮ್ಮ ಓಟು ಇದಕ್ಕೆ. ಯೇಸುವಿನ ಸ್ನಾನದೀಕ್ಷೆಯ ಹಬ್ಬ ಕಳೆದು ಸಾಧಾರಣ ಕಾಲ (ಕ್ರಿಸ್ಮಸ್ ಕಾಲ ಮುಗಿದ ಮೇಲಿನ ಮಾಮೂಲಿ ದಿನಗಳು) ಶುರುವಾದ ಜನವರಿ 12ರಿಂದ ಮಾತ್ರ ಏಳರ ಲೆಕ್ಕ ನಡೆಯುವುದಿಲ್ಲ. ಸಮಸಂಖ್ಯೆಯ ವರ್ಷಗಳಲ್ಲಿ ಅಲ್ಲಿಂದ ಮೊದಲ ವಾಚನಕ್ಕೆ ಬರುವುದು ಸಮುವೇಲನ ಮೊದಲ ಗ್ರಂಥ, ಅದು ಉದ್ದದ ಕಥೆ. ಸಮುವೇಲನ ತಾಯಿ ಹನ್ನಳ ಕಣ್ಣೀರಿನಿಂದ ಹಿಡಿದು ಅದನ್ನು ಪೂಜೆಯ ವಾಚನದ ಅಳತೆಗೇ ಓದುವುದು ಸರಿ.