ಹಳೆ ಹಂಚು ಗೇಟು ದಾಟುವ ಮೊದಲು ಎಣಿಸಿಕೊಳ್ಳಿ: ನಮಗೆ ಆದ ಮೋಸ

ಉಡುಪಿ, ಕಾಪು, ಮಂಗಳೂರು ಕಡೆ ಹಳೆ ಹಂಚಿನ ಮನೆ ಇರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಮಾಡು, ಅಂದರೆ ಮನೆಯ ಛಾವಣಿ, ಬಿಚ್ಚಿಸಿ ರಿಪೇರಿ ಮಾಡಿಸುವ ಯೋಚನೆ ಇದ್ದರೆ ಇನ್ನೂ ಗಮನ ಕೊಟ್ಟು ಓದಿ. ಇದನ್ನು ಬರೆಯಲು ನನಗೆ ನಾಚಿಕೆ ಆಗುತ್ತಿದೆ. ಇಡೀ ಮಳೆಗಾಲ ಯಾರಿಗೂ ಹೇಳಿರಲಿಲ್ಲ. ಆದರೆ ಚೌತಿಗೆ ಬಂದಿದ್ದ ಸಂಬಂಧಿಕರೊಬ್ಬರು, ತಮ್ಮ ನೆರೆಮನೆಯವರು ದೀಪಾವಳಿ ಕಳೆದ ಕೂಡಲೇ ಮಾಡಿನ ಕೆಲಸಕ್ಕೆ ನಮಗೆ ಮೋಸ ಮಾಡಿದ ಕಂಟ್ರಾಕ್ಟರ್ ಹತ್ತಿರವೇ ಮಾತಾಡಿದ್ದಾರೆ ಅಂದರು. ಅದು ಕೇಳಿದ ಮೇಲೆ ಸುಮ್ಮನೆ ಕೂರಲು ಆಗಲಿಲ್ಲ.

ನಮ್ಮ ತಾಯಿಮನೆ ಕಟಪಾಡಿಯಿಂದ ಮಟ್ಟು ಕಡೆಗೆ ಹೋಗುವ ದಾರಿಯಲ್ಲಿ. ಅಜ್ಜ ಕಟ್ಟಿಸಿದ್ದು. ಕೆಂಪು ಕಲ್ಲಿನ ಗೋಡೆ, ಚಾವಡಿಗೆ ಮರದ ಮುಚ್ಚಿಗೆ, ಮೇಲೆ ಮಂಗಳೂರು ಹಂಚು. ಈಗ ಅಲ್ಲಿ ಅಮ್ಮ ಒಬ್ಬರೇ. ನಾನು ಮಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ, ಶನಿವಾರ ಹೋಗಿ ಭಾನುವಾರ ಸಂಜೆ ವಾಪಸ್. ಪಕ್ಕಾಸು ಅಂದರೆ ಮಾಡಿನ ಇಳಿಜಾರಿನ ಉದ್ದ ಮರ, ಅದರ ಮೇಲೆ ಅಡ್ಡಕ್ಕೆ ಹಂಚು ಕೂರಿಸುವ ಪಟ್ಟಿ ರೀಪು. ಎರಡು ಮಳೆಗಾಲದಿಂದ ಈ ರೀಪು ಅಲ್ಲಲ್ಲಿ ಕೊಳೆತು ಕುಂಬಾಗಿ ಹಂಚು ಜಾರುತ್ತಿತ್ತು. ಈ ಸಲ ಏಪ್ರಿಲ್‌ನ ಬಿಸು ಹಬ್ಬ ಕಳೆದ ಕೂಡಲೇ ಮಾಡಿಸಿಬಿಡೋಣ ಅಂತ ನಿರ್ಧಾರ ಮಾಡಿದೆವು.

ಈ ಕಂಟ್ರಾಕ್ಟರ್ ಪರಿಚಯದವರ ಮೂಲಕವೇ ಬಂದದ್ದು. ಭಾವನ ಸ್ನೇಹಿತರ ಮನೆಗೆ ಟೆರೇಸಿನ ಮೇಲೆ ಶೀಟ್ ಹಾಕಿದ್ದಾನಂತೆ. ಒಳ್ಳೆಯ ಮಾತು. ಬಂದವನೇ ಅಮ್ಮನ ಕಾಲು ಮುಟ್ಟಿದ. ನನ್ನನ್ನು ಅಕ್ಕ ಅಂದ. ಏಣಿ ಹತ್ತಿ ನೋಡಿ ಇಳಿದು, “ಅಕ್ಕ, ಮರದ್ದು ಇನ್ನು ಬೇಡ. ಪಕ್ಕಾಸು, ರೀಪು ಎಲ್ಲ ತೆಗೆದು ಜಿ.ಐ. (ಸತು ಲೇಪಿಸಿದ ಕಬ್ಬಿಣದ) ಪೈಪು ಹಾಕುವ. 2 ಎಂ.ಎಂ. ದಪ್ಪದ್ದು. ಮತ್ತೆ ನಿಮ್ಮ ಮಕ್ಕಳ ಕಾಲಕ್ಕೂ ನೋಡ್ಲಿಕ್ಕಿಲ್ಲ” ಅಂದ. ಹಂಚು? “ಹಂಚು ನಿಮ್ಮದೇ ಹಾಕುವ. ಇಂಥ ಹಂಚು ಈಗ ದುಡ್ಡು ಕೊಟ್ರೂ ಸಿಗುದಿಲ್ಲ ಅಕ್ಕ.”

ಈ ಮಾತನ್ನು ನೆನಪಿಟ್ಟುಕೊಳ್ಳಿ. ನಮ್ಮ ಹಂಚಿನ ಬೆಲೆ ಏನು ಅಂತ ನನಗಿಂತ ಮೊದಲು ಅವನಿಗೆ ಗೊತ್ತಿತ್ತು. ಅವನ ಬಾಯಿಂದಲೇ ಬಂದದ್ದು.

ಚದರ ಅಡಿಗೆ 270 ರೂಪಾಯಿ. ಒಟ್ಟು 1,400 ಚದರ ಅಡಿ, ಅಂದರೆ 3,78,000. ಕೆಲಸ ಶುರುವಿಗೆ ಒಂದೂವರೆ ಲಕ್ಷ, ಪೈಪು ಏರಿದ ಮೇಲೆ ಒಂದೂವರೆ ಲಕ್ಷ, ಉಳಿದದ್ದು ಮುಗಿದ ಮೇಲೆ. ಬರೆದುಕೊಂಡದ್ದು? ಏನೂ ಇಲ್ಲ. ಒಂದು ಡೈರಿ ಹಾಳೆಯಲ್ಲಿ ಅವನೇ ಲೆಕ್ಕ ಗೀಚಿದ್ದ, ಅದರಲ್ಲಿ ಸಹಿಯೂ ಇಲ್ಲ. ನಮ್ಮ ಕಡೆ ಇಂಥ ಕೆಲಸ ಹೀಗೆಯೇ ನಡೆಯುವುದು ಅಲ್ವಾ? ಪರಿಚಯದವರು ಅಂದ ಮೇಲೆ ಛಾಪಾ ಕಾಗದ ತರಲು ಯಾರಿಗೂ ಮನಸ್ಸು ಬರುವುದಿಲ್ಲ.

ಹಂಚು ಇಳಿಸಿದ್ದು ಏಪ್ರಿಲ್ ಕೊನೆಯಲ್ಲಿ. ಎರಡು ದಿನದ ಕೆಲಸ. ಅಂಗಳದಲ್ಲಿ ಸಾಲಾಗಿ ಜೋಡಿಸಿಟ್ಟರು. ನಾನು ಆ ಶನಿವಾರ ಅಲ್ಲೇ ಇದ್ದೆ. ಕೆಲಸದವರಿಗೆ ಚಹಾ, ಅವಲಕ್ಕಿ ಕೊಟ್ಟೆ. ಎಣಿಸಲಿಲ್ಲ. ನನ್ನ ಕಣ್ಣೆದುರಿಗೇ ಇತ್ತು, ಎಣಿಸಲಿಲ್ಲ.

ಮರುದಿನ ನಾನು ಮಂಗಳೂರಿಗೆ ಬಂದ ಮೇಲೆ ಫೋನು. “ಅಕ್ಕ, ಹಂಚಿಗೆ ಪಾಚಿ ಹಿಡಿದದ್ದು ಪ್ರೆಶರ್ ಪಂಪಿನಲ್ಲಿ ತೊಳೀಬೇಕು. ನಿಮ್ಮ ಬಾವಿಯಲ್ಲಿ ನೀರು ತಳಕ್ಕೆ ಹೋಗಿದೆ. ಇಲ್ಲಿ ತೊಳೆದ್ರೆ ಅಮ್ಮನಿಗೆ ಕುಡಿಲಿಕ್ಕೂ ನೀರಿರ್ಲಿಕ್ಕಿಲ್ಲ. ನಮ್ಮ ಜಾಗಕ್ಕೆ ಕೊಂಡು ಹೋಗಿ ತೊಳೆದು, ಬಣ್ಣ ಹೊಡೆದು ತರ್ತೇನೆ. ಬಾಡಿಗೆ ನನ್ನದೇ.” ಎಷ್ಟು ಸರಿಯಾದ ಮಾತು ನೋಡಿ. ಮೇ ತಿಂಗಳಲ್ಲಿ ನಮ್ಮ ಕಡೆ ಬಾವಿಗಳ ಕತೆ ನಿಮಗೆ ಗೊತ್ತು. ಅಮ್ಮನ ನೀರಿನ ಬಗ್ಗೆ ಯೋಚಿಸುವ ಹುಡುಗ ಅಂತ ನನಗೆ ಖುಷಿಯೇ ಆಯಿತು. ವಾಟ್ಸ್‌ಆ್ಯಪ್‌ನಲ್ಲಿ ಕೇಳಿದ, “ಕೊಂಡು ಹೋಗ್ಲಾ ಅಕ್ಕ?” ನಾನು ಹೆಬ್ಬೆರಳಿನ ಚಿತ್ರ ಕಳಿಸಿದೆ.

ಪಿಕಪ್ಪಿನಲ್ಲಿ ಲೋಡು ಲೋಡು ಹೋಯಿತು. ಹಂಚಿನ ಜೊತೆ ಮರವೂ ಹೋಯಿತು. “ಎಲ್ಲ ಗೆದ್ದಲು ಹಿಡಿದದ್ದು, ಸೌದೆ ಲೆಕ್ಕಕ್ಕೆ ಕೊಂಡು ಹೋಗ್ತೇನೆ, ನಿಮಗೆ ಅಂಗಳ ಖಾಲಿ ಆಗ್ತದೆ” ಅಂತ ಅಮ್ಮನ ಹತ್ತಿರ ಹೇಳಿದ್ದಾನೆ. ಅಮ್ಮ ಆಯ್ತು ಮಾರಾಯ ಅಂದಿದ್ದಾರೆ. ಅದರಲ್ಲಿ ಕಿರಾಲ್‌ಬೋಗಿ ಅನ್ನುವ ಗಟ್ಟಿ ಮರದ ಪಕ್ಕಾಸು ಇತ್ತು, ಹಲಸಿನದ್ದೂ ಇತ್ತು. ಒಂದೇ ಒಂದು ತುಂಡು ಕೊಟ್ಟಿಗೆಯ ಹಿಂದೆ ಉಳಿದಿತ್ತು. ಆಮೇಲೆ ಬಡಗಿಯೊಬ್ಬರು ಅದನ್ನು ಉಳಿಯಿಂದ ಕೆತ್ತಿ ತೋರಿಸಿದರು. ಮೇಲಿನ ಒಂದು ಪದರ ಮಾತ್ರ ಕಪ್ಪು. ಒಳಗೆ ಕಲ್ಲಿನ ಹಾಗೆ ಗಟ್ಟಿ.

ಮೇ ಮಧ್ಯದಲ್ಲಿ ಪೈಪಿನ ಕೆಲಸ ಮುಗಿಯಿತು. ಮೇ 24ರ ಸುಮಾರಿಗೆ ಬರುವ ಪತ್ತನಾಜೆಗೆ ಹತ್ತು ಹನಿ ಬಿದ್ದೇ ಬೀಳುತ್ತದೆ ಅಂತ ಹಿರಿಯರು ಹೇಳುವುದು ಕೇಳಿ ಬೆಳೆದವರು ನಾವು. ಹಾಗಾಗಿ ನನಗೆ ಗಡಿಬಿಡಿ. ಅವನಿಗೆ ಅದೂ ಗೊತ್ತಿತ್ತು. ಮೇ 22ಕ್ಕೆ ಹಂಚು ತಂದು ಎರಡೇ ದಿನದಲ್ಲಿ ಏರಿಸಿ ಮುಗಿಸಿದ. ಮೇಲ್ಮೈಗೆ ದಪ್ಪ ಕೆಂಪು ಬಣ್ಣ. ದೂರದಿಂದ ನೋಡುವಾಗ ಹೊಸ ಮನೆಯ ಹಾಗೆ ಕಾಣುತ್ತಿತ್ತು. ನಾನು ಫೋಟೋ ತೆಗೆದು ಸಂಬಂಧಿಕರಿಗೆಲ್ಲ ಕಳಿಸಿದೆ. ಅವನಿಗೆ ಇನ್ನೂ 50,000 ಹಾಕಿದೆ. ಬಾಕಿ ಉಳಿದದ್ದು 28,000 ಮಾತ್ರ.

ಜೂನ್ ಮೊದಲ ವಾರ ಮಳೆ ಹಿಡಿಯಿತು. ಮೊದಲ ರಾತ್ರಿಯೇ ಅಡುಗೆ ಕೋಣೆ, ಪಡಸಾಲೆ, ದೇವರ ಕೋಣೆ ಎಲ್ಲ ಕಡೆ ನೀರು. ಹಿಂದೆ ಒಂದೆರಡು ಕಡೆ ತೊಟ್ಟಿಕ್ಕುತ್ತಿದ್ದ ಮಾಡು ಈಗ ಹತ್ತು ಕಡೆ ಸೋರುತ್ತಿದೆ. ಅಮ್ಮ ಬೆಳಗಿನ ಜಾವ ನಾಲ್ಕಕ್ಕೆ ಫೋನು ಮಾಡಿದರು. ನಾನು ಮೊದಲ ಬಸ್ಸು ಹಿಡಿದು ಹೋದೆ.

ಈಗ ನನ್ನ ಹೊಟ್ಟೆ ಉರಿದದ್ದು ಯಾವಾಗ ಅಂತ ಹೇಳುತ್ತೇನೆ. ನಮ್ಮ ಅಡುಗೆ ಕೋಣೆಗೆ ಮುಚ್ಚಿಗೆ ಇಲ್ಲ. ಕೆಳಗೆ ನಿಂತರೆ ಹಂಚಿನ ಒಳಮೈ ಕಾಣುತ್ತದೆ. ಒಲೆಯ ಹೊಗೆಗೆ ಕಪ್ಪಾದ ಹಂಚಿನ ಮೇಲೆ ಬಾಸೆಲ್ ಮಿಷನ್ ಅಂತ ಇಂಗ್ಲಿಷ್ ಅಚ್ಚು. ನೇತ್ರಾವತಿ ದಡದಲ್ಲಿ 1865ರಲ್ಲಿ ಆ ಕ್ರೈಸ್ತ ಮಿಷನರಿಗಳು ಹಂಚಿನ ಕಾರ್ಖಾನೆ ಹಾಕಿದ್ದನ್ನು ಅಜ್ಜ ಈ ಹಂಚು ತೋರಿಸಿಯೇ ನಮಗೆ ಹೇಳುತ್ತಿದ್ದರು. ನಾನು ಇಂಗ್ಲಿಷ್ ಅಕ್ಷರ ಕಲಿತದ್ದು ಚಾಪೆಯಲ್ಲಿ ಮಲಗಿ ಆ ಹಂಚು ನೋಡಿಕೊಂಡು. ಗಾಜಿನ ಹಂಚಿನ ಪಕ್ಕದಲ್ಲಿ ಇನ್ನೊಂದು ಹಂಚಿತ್ತು. ಅದರಲ್ಲಿ ನಾಯಿಯ ಹೆಜ್ಜೆ ಗುರುತು. ಹಸಿ ಇರುವಾಗ ಕಾರ್ಖಾನೆ ಅಂಗಳದಲ್ಲಿ ನಾಯಿ ತುಳಿದು ಹೋಗಿರಬೇಕು. ನಾಲ್ಕು ಬೆರಳು, ಒಂದು ಅಂಗಾಲು, ಸರಿಯಾಗಿ ಮೂಡಿತ್ತು. ನಮ್ಮ ಮನೆಯ ಎಲ್ಲ ಮಕ್ಕಳೂ ಅದನ್ನು ನೋಡಿಕೊಂಡೇ ಊಟ ಮಾಡಿದ್ದು.

ಅವತ್ತು ನೀರು ಎಲ್ಲಿಂದ ಬೀಳುತ್ತದೆ ಅಂತ ತಲೆ ಎತ್ತಿ ನೋಡಿದೆ. ಹೊಗೆ ಕಪ್ಪು ಇಲ್ಲ. ಅಚ್ಚು ಬೇರೆ. ಒಂದಲ್ಲ, ಮೂರು ಬಗೆಯ ಅಚ್ಚು. ನಾಯಿ ಹೆಜ್ಜೆ ಇಲ್ಲ. ಗಾಜಿನ ಹಂಚೂ ಇಲ್ಲ. ಹತ್ತು ದಿನದಿಂದ ಆ ಮಾಡಿನ ಅಡಿಯಲ್ಲಿ ಅಡುಗೆ ನಡೆಯುತ್ತಿದೆ, ನಾನು ಎರಡು ಸಲ ಬಂದು ಹೋಗಿದ್ದೇನೆ, ಒಮ್ಮೆಯೂ ತಲೆ ಎತ್ತಿ ನೋಡಿಲ್ಲ. ಅಮ್ಮನಿಗೆ ಕಣ್ಣಿನ ಪೊರೆ, ಅವರಿಗೆ ಕಾಣುವುದಿಲ್ಲ. ನನಗೆ ಕಾಣುತ್ತಿತ್ತಲ್ಲ.

ಊರಿನ ಹಿರಿಯ ಮೇಸ್ತ್ರಿಯೊಬ್ಬರನ್ನು ಕರೆದೆ. ಮಳೆ ಸ್ವಲ್ಪ ಬಿಟ್ಟಾಗ ಅವರು ಹತ್ತಿ ಒಂದು ಹಂಚು ತೆಗೆದು ಬೆರಳಿನ ಗೆಣ್ಣಿನಿಂದ ಬಡಿದರು. ಡಪ್ ಅಂತ ಮಣ್ಣಿನ ಸದ್ದು. “ಕೇಳು ಮಗಾ, ಸರಿ ಬೆಂದ ಹಂಚಾದ್ರೆ ಗಂಟೆ ಹಾಗೆ ಸದ್ದು ಬರ್ತದೆ. ಇದು ನೀರು ಕುಡಿಯುವ ಹಂಚು. ಮೇಲಿನ ಬಣ್ಣದಿಂದ ಎಂತ ಆಗ್ತದೆ?” ಅಂದರು. ಮತ್ತೆ ತೋರಿಸಿದರು: ಬೇರೆ ಬೇರೆ ಕಾರ್ಖಾನೆಯ ಹಂಚಿನ ಅಂಚು ಒಂದಕ್ಕೊಂದು ಕಚ್ಚಿ ಕೂರುವುದಿಲ್ಲ. ಉದ್ದವೂ ಕೂದಲೆಳೆ ಹೆಚ್ಚು ಕಡಿಮೆ. ರೀಪಿನ ಅಂತರ ಒಂದು ಹಂಚಿನ ಅಳತೆಗೆ ಇಟ್ಟು ಮೇಲೆ ಮೂರು ಬಗೆ ಕೂರಿಸಿದರೆ ಎಡೆ ಬಿಡುತ್ತದೆ. ಗಾಳಿಮಳೆ ನೇರ ಒಳಗೆ ಹೊಡೆಯುತ್ತದೆ.

ಪೈಪಿನ ಕತೆಯೂ ಹೀಗೆಯೇ. ನೆರೆಮನೆ ಹುಡುಗ ವೆಲ್ಡಿಂಗ್ ಕೆಲಸದವನು. ಅಂಗಳದಲ್ಲಿ ಬಿದ್ದಿದ್ದ ತುಂಡು ಕೈಯಲ್ಲಿ ಹಿಡಿದವನೇ, “ಇದು 2 ಎಂ.ಎಂ. ಅಲ್ಲ ಅಕ್ಕ” ಅಂದ. ಒಂದು ಮೀಟರಿಗೆ ಸರಿಯಾಗಿ ಕತ್ತರಿಸಿ ಅಂಗಡಿಯ ತಕ್ಕಡಿಗೆ ಇಟ್ಟೆವು. ನಾಲ್ಕು ಸೆಂಟಿಮೀಟರ್ ಚೌಕದ ಪೈಪು 2 ಎಂ.ಎಂ. ದಪ್ಪ ಇದ್ದರೆ ಮೀಟರಿಗೆ ಸುಮಾರು 2.4 ಕಿಲೋ ತೂಗಬೇಕು. ನಮ್ಮದು ಒಂದೂವರೆ ಕಿಲೋಗೂ ಬರಲಿಲ್ಲ. ಅಂದರೆ 1.2 ಎಂ.ಎಂ. ಮಾತ್ರ. ವೆಲ್ಡಿಂಗ್ ಮಾಡಿದ ಕಡೆ ಸತುವಿನ ಬಣ್ಣವನ್ನೂ ಹೊಡೆದಿಲ್ಲ. ಕಡಲ ಗಾಳಿಗೆ ಜೂನ್‌ನಲ್ಲೇ ಅಲ್ಲಿ ತುಕ್ಕಿನ ನೀರು ಇಳಿಯಲು ಶುರುವಾಗಿತ್ತು.

ಇನ್ನು ಅವನ ಉತ್ತರಗಳು. ಇದನ್ನು ಬರೆಯುವಾಗ ಈಗಲೂ ಕೈ ನಡುಗುತ್ತದೆ.

ಮೊದಲ ದಿನ: “ಹೊಸ ಮಾಡು ಅಕ್ಕ, ಎರಡು ಮಳೆ ಹೋದ್ರೆ ಹಂಚು ಕೂತುಕೊಳ್ತದೆ.” ಎರಡನೇ ದಿನ: “ನಾಳೆ ಹುಡುಗರನ್ನು ಕಳಿಸ್ತೇನೆ.” ಆ ನಾಳೆ ಒಂಬತ್ತು ದಿನ ನಡೆಯಿತು. ಆಮೇಲೆ ನಾನು ನೇರ ಕೇಳಿದೆ, ನಮ್ಮ ಹಂಚು ಎಲ್ಲಿ? ಒಂದು ಕ್ಷಣ ಮಾತಿಲ್ಲ. ನಂತರ, “ತೊಳೆಯುವಾಗ ಸುಮಾರು ಒಡೆದು ಹೋಯ್ತಕ್ಕ. ನಿಮಗೆ ಬೇಜಾರು ಆಗ್ತದೆ ಅಂತ ಹೇಳ್ಲಿಲ್ಲ. ನನ್ನ ಕೈಯಿಂದ ದುಡ್ಡು ಹಾಕಿ ಬೇರೆ ಹಂಚು ತಂದುಕೊಟ್ಟೆ.”

ಒಡೆದ ಹಂಚು ಎಲ್ಲಿದೆ? “ಅದು ಗುಂಡಿ ತುಂಬಿಸ್ಲಿಕ್ಕೆ ಹೋಯ್ತು.” ಎಷ್ಟು ಒಡೆಯಿತು? “ಲೆಕ್ಕ ಇಟ್ಟಿಲ್ಲ.” ಒಡೆಯದ್ದು ಎಲ್ಲಿ? ಅದಕ್ಕೆ ಉತ್ತರವೇ ಇಲ್ಲ. ನೂರು ಚದರ ಅಡಿಗೆ ಸುಮಾರು 150 ಹಂಚು ಬೇಕು. ನಮ್ಮ ಮಾಡಿನಲ್ಲಿ ಎರಡು ಸಾವಿರದ ಮೇಲೆ ಇತ್ತು. ಮೇಸ್ತ್ರಿ ಇಡೀ ಮಾಡು ನೋಡಿದರು. ನಮ್ಮ ಹಳೆ ಹಂಚು ಒಂದೂ ಇಲ್ಲ. ಎರಡು ಸಾವಿರ ಹಂಚು ಒಂದೂ ಉಳಿಯದ ಹಾಗೆ ಒಡೆಯುತ್ತದಾ? ತೊಳೆಯುವಾಗ?

ನಾನು ಜೋರು ಮಾಡಿದ ದಿನದಿಂದ ಅಕ್ಕ ಹೋಗಿ ಮೇಡಂ ಆಯಿತು. “ಮೇಡಂ, ಕೊಂಡು ಹೋಗಿ ಅಂತ ನೀವೇ ಹೇಳಿದ್ದಲ್ವಾ? ಮೆಸೇಜ್ ಉಂಟು ನನ್ನ ಹತ್ರ.” ನಾನು ಕಳಿಸಿದ ಹೆಬ್ಬೆರಳಿನ ಮೆಸೇಜಿನ ಫೋಟೋ ತೆಗೆದು ನನಗೇ ಕಳಿಸಿದ. ತೊಳೆಯಲು ಕೊಟ್ಟದ್ದಕ್ಕೂ ಮಾರಲು ಕೊಟ್ಟದ್ದಕ್ಕೂ ವ್ಯತ್ಯಾಸ ಇಲ್ವಾ? ಕೇಳಿದೆ. “ನೀವು ಓದಿದವರು, ಬರೆದುಕೊಳ್ಬೇಕಿತ್ತು” ಅಂದ. ಆಮೇಲೆ ಕೊನೆಗೆ, “28,000 ಬಾಕಿ ಉಂಟಲ್ಲ, ಅದು ಇಟ್ಟುಕೊಳ್ಳಿ. ಲೆಕ್ಕ ಮುಗಿಯಿತು.” ಈಗ ಫೋನು ತೆಗೆಯುವುದಿಲ್ಲ.

ನೀವು ಓದಿದವರು ಅನ್ನುವ ಆ ಒಂದು ಮಾತು ಇದೆಯಲ್ಲ, ಅದು ಮಾತ್ರ ಮರೆಯಲು ಆಗುತ್ತಿಲ್ಲ.

ಹಳೆ ಹಂಚು, ಹಳೆ ಮರ ಹುಡುಕಿಕೊಂಡು ಬಂದು ಕೊಳ್ಳುವವರು ಈಗ ಬೇಕಾದಷ್ಟು ಜನ ಇದ್ದಾರೆ. ಹಳೆ ಮನೆಯ ಹಾಗೆ ಕಾಣುವ ರೆಸಾರ್ಟು, ಹೋಟೆಲು ಕಟ್ಟುವವರಿಗೆ ಬೇಕು. ನಮ್ಮ ಅಂಗಳದಲ್ಲಿ ಕಸ ಅಂತ ಎತ್ತಿಕೊಂಡು ಹೋದದ್ದು ಇನ್ನೊಂದು ಕಡೆ ಒಳ್ಳೆಯ ರೇಟಿಗೆ ಹೋಗುತ್ತದೆ. ಇದು ನನಗೆ ಗೊತ್ತಾದದ್ದು ತಡವಾಗಿ. ಆದ್ದರಿಂದ ದಯವಿಟ್ಟು, ಹಂಚು ಇಳಿಸಿದ ದಿನವೇ ಎಣಿಸಿ. ಅಚ್ಚು ಕಾಣುವ ಹಾಗೆ ಫೋಟೋ ತೆಗೆಯಿರಿ. ತೊಳೆಯುವುದಾದರೆ ನಿಮ್ಮ ಅಂಗಳದಲ್ಲೇ ತೊಳೆಯಲಿ, ನೀರಿಲ್ಲದಿದ್ದರೆ ಟ್ಯಾಂಕರ್ ತರಿಸಿ, ಗೇಟು ಮಾತ್ರ ದಾಟಿಸಬೇಡಿ. ಮರವನ್ನು ಸೌದೆ ಅಂದರೆ ಬೇರೆ ಬಡಗಿಗೆ ತೋರಿಸಿ. ಪೈಪು ಬಂದ ದಿನ ತೂಕ ಮಾಡಿಸಿ, ತೂಕ ಇರುವ ಅಂಗಡಿ ಬಿಲ್ಲು ಕೇಳಿ. ಬಿಲ್ಲು ಆಮೇಲೆ ಕೊಡ್ತೇನೆ ಅಂದರೆ ಅಲ್ಲಿಗೇ ನಿಲ್ಲಿಸಿ. ಅಮ್ಮನ ಕಾಲು ಮುಟ್ಟಿದ ಅಂತ ನಂಬಬೇಡಿ.

ನಾನು ಗ್ರಾಹಕರ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಬರೆಸಿದ್ದೇನೆ. ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗುತ್ತಿದ್ದೇನೆ. ಕೊಟ್ಟ ಹಣ 5 ಲಕ್ಷದ ಒಳಗೆ ಇದ್ದರೆ ಅಲ್ಲಿ ದೂರಿಗೆ ಶುಲ್ಕ ಇಲ್ಲ, ಎರಡು ವರ್ಷದ ಒಳಗೆ ಹಾಕಬೇಕು. ಕರಾರು ಪತ್ರ ಇಲ್ಲದಿದ್ದರೂ ಹಣ ಮೊಬೈಲಿನಲ್ಲಿ ಕಳಿಸಿದ ದಾಖಲೆ, ಅವನ ಮೆಸೇಜು, ಧ್ವನಿ ಎಲ್ಲ ಇದೆ. ಪೈಪಿನ ತುಂಡು, ಮೂರು ಅಚ್ಚಿನ ಮೂರು ಹಂಚು ತೆಗೆದಿಟ್ಟಿದ್ದೇನೆ.

ಮಾಡಿಗೆ ಸದ್ಯ ನೀಲಿ ಟಾರ್ಪಾಲು ಹೊದಿಸಿದ್ದೇವೆ. ಅಮ್ಮನಿಗೆ ಹಂಚು ಬದಲಾದ ವಿಷಯ ಇನ್ನೂ ಹೇಳಿಲ್ಲ, ರೀಪು ಸರಿ ಕೂತಿಲ್ಲ ಅಂತ ಮಾತ್ರ ಹೇಳಿದ್ದೇನೆ. ಮುಂದಿನ ತಿಂಗಳು ಅವರ ಕಣ್ಣಿನ ಆಪರೇಷನ್. ಅದಾದ ಮೇಲೆ ಅಡುಗೆ ಕೋಣೆಯಲ್ಲಿ ತಲೆ ಎತ್ತಿದರೆ ಅವರಿಗೇ ಕಾಣುತ್ತದೆ.

ಮೇ ತಿಂಗಳ ನಂತರ ಕಾಪು, ಉಡುಪಿ, ಬ್ರಹ್ಮಾವರ ಕಡೆ ಯಾರಾದರೂ ಹಳೆ ಬಾಸೆಲ್ ಮಿಷನ್ ಹಂಚು ಕೊಂಡಿದ್ದರೆ ಒಮ್ಮೆ ಒಳಮೈ ತಿರುಗಿಸಿ ನೋಡಿ. ಹೊಗೆ ಹಿಡಿದು ಕಪ್ಪಾದ ಹಂಚು, ಅದರಲ್ಲಿ ಒಂದಕ್ಕೆ ನಾಯಿ ಹೆಜ್ಜೆ ಇದ್ದರೆ ದಯವಿಟ್ಟು ನನಗೆ ತಿಳಿಸಿ. ನಿಮ್ಮ ಮೇಲೆ ಯಾವ ತಕರಾರೂ ಇಲ್ಲ. ಕೊಟ್ಟ ದುಡ್ಡು ನಾನು ವಾಪಸ್ ಕೊಡುತ್ತೇನೆ. ಅದೊಂದು ಹಂಚು ಸಿಕ್ಕಿದರೂ ಸಾಕು.