ಅಮ್ಮ ಬಡಿಸಿಕೊಂಡ ಹಸಿರು ತುಪ್ಪ

ಇದನ್ನು ಬರೆಯೋಕೆ ನಾಚಿಕೆಯಾಗುತ್ತೆ. ಆದರೆ ಕೆನಡಾದಲ್ಲಿ ನನ್ನ ಹಾಗೇ ಮನೆಯಲ್ಲಿ ಗಾಂಜಾ ತುಪ್ಪ, ಬ್ರೌನಿ ಮಾಡಿಟ್ಟುಕೊಳ್ಳುವ ಕನ್ನಡದವರು ಇದ್ದಾರೆ. ಅವರು ಓದಲಿ ಅಂತ.

ಇಲ್ಲಿ 2018ರ ಅಕ್ಟೋಬರ್‌ನಿಂದ ಗಾಂಜಾಕ್ಕೆ ಕಾನೂನಿನ ಅಡ್ಡಿ ಇಲ್ಲ. ಒಂಟಾರಿಯೋದಲ್ಲಿ ಮನೆಗೆ ನಾಲ್ಕು ಗಿಡದವರೆಗೆ ಬೆಳೆಸಬಹುದು. ನಾನು ಹಿತ್ತಿಲಲ್ಲಿ ಎರಡು ಹಾಕಿದ್ದೆ. ಹೂವನ್ನು ತುಪ್ಪಕ್ಕೆ ಇಳಿಸಿ, ಹಳೇ ಹಾರ್ಲಿಕ್ಸ್ ಬಾಟಲಿಗೆ ತುಂಬಿ ಫ್ರಿಜ್ಜಿನಲ್ಲಿಟ್ಟೆ. ಮೇಲೆ ಒಂದು ಚೀಟಿ ಕೂಡ ಅಂಟಿಸಲಿಲ್ಲ. ಇರೋದು ಗಂಡ ಹೆಂಡತಿ ಇಬ್ಬರೇ, ಚೀಟಿ ಯಾಕೆ ಅಲ್ವಾ?

ಆಮೇಲೆ ಅಮ್ಮ ಊರಿಂದ ಬಂದಳು. ಬಾಟಲಿ ನನಗೆ ನೆನಪೇ ಆಗಲಿಲ್ಲ.

ಒಂದು ಶನಿವಾರ ಮಧ್ಯಾಹ್ನ ಬಿಸಿ ಅನ್ನ, ತೊವ್ವೆ. ಅಮ್ಮ ಫ್ರಿಜ್ಜಿನಿಂದ ತಾನೇ ತುಪ್ಪ ತೆಗೆದು ಎರಡು ಚಮಚ ಹಾಕಿಕೊಂಡಳಂತೆ. ಹಸಿರಾಗಿತ್ತಲ್ಲ, ಅನುಮಾನ ಬರಲಿಲ್ವಾ ಅಂತ ಆಮೇಲೆ ಕೇಳಿದೆ. "ಬೆಣ್ಣೆ ಕಾಯಿಸುವಾಗ ನುಗ್ಗೆಸೊಪ್ಪು ಹಾಕಿದೀರ ಅಂದ್ಕೊಂಡೆ ಕಣೋ. ಸ್ವಲ್ಪ ಕಮಟು ವಾಸನೆ ಇತ್ತು. ಸೊಸೆಗೆ ಬೇಜಾರಾಗುತ್ತೆ ಅಂತ ಸುಮ್ನಿದ್ದೆ" ಅಂದಳು.

ಊಟವಾಗಿ ಒಂದು ಗಂಟೆ ಏನೂ ಇಲ್ಲ. ಟಿವಿ ನೋಡುತ್ತಾ ಕೂತಿದ್ದಳು. ಇನ್ನೂ ಅರ್ಧ ಗಂಟೆ ಕಳೆದ ಮೇಲೆ ನಾಲಿಗೆ ಒಣಗ್ತಿದೆ ಅಂದಳು. ನೋಡನೋಡುತ್ತಲೇ ಸೋಫಾದ ಅಂಚನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು. "ಗೋಡೆ ಹಿಂದಕ್ಕೆ ಹೋಗ್ತಿದೆ. ನಿಮ್ಮಪ್ಪನಿಗೆ ಫೋನ್ ಮಾಡೋ." ಅಪ್ಪ ಹೋಗಿ ಆರು ವರ್ಷವಾಗಿದೆ.

ಬಿಪಿ ಮಾತ್ರೆ ತಗೊಳ್ಳುವ ಹೆಂಗಸು. ಮಿಷಿನ್ನಿನಲ್ಲಿ ನೋಡಿದರೆ ಎದೆಬಡಿತ 130. ಪಾರ್ಶ್ವವಾಯು ಅಂತಲೇ ತಿಳಿದು 911ಕ್ಕೆ ಫೋನ್ ಮಾಡಿದೆ. ಮಾತಾಡುತ್ತಲೇ ತಣ್ಣೀರಿಗೆ ಫ್ರಿಜ್ ತೆಗೆದರೆ ಆ ಬಾಟಲಿ. ಗಟ್ಟಿ ತುಪ್ಪದಲ್ಲಿ ಚಮಚ ಇಳಿಸಿದ ಗುಳಿ.

ಆಂಬುಲೆನ್ಸಿನವರು ಏನಾದರೂ ತಿಂದಿದ್ದಾರಾ ಅಂತ ಕೇಳಿದಾಗ ನನ್ನ ಬಾಯಿ ಕಟ್ಟಿಹೋಯಿತು. ಹೇಳಿದವಳು ನನ್ನ ಹೆಂಡತಿ. ಅವರು ಬೈಯಲಿಲ್ಲ, ಮುಖ ಕೂಡ ಗಂಟು ಹಾಕಲಿಲ್ಲ. "ಎಷ್ಟು ಮಿಲಿಗ್ರಾಂ?" ಅಂತ ಮಾತ್ರ ಕೇಳಿದರು. ಉತ್ತರ ನನ್ನ ಹತ್ತಿರ ಇರಲಿಲ್ಲ.

ಇಲ್ಲಿ ಅಂಗಡಿಯಲ್ಲಿ ಸಿಗುವ ಗಾಂಜಾ ತಿಂಡಿಯ ಇಡೀ ಪ್ಯಾಕೆಟ್ಟಿನಲ್ಲಿ ಟಿಎಚ್‌ಸಿ, ಅಂದರೆ ಗಾಂಜಾದಲ್ಲಿ ಅಮಲು ಏರಿಸುವ ಅಂಶ, 10 ಮಿಲಿಗ್ರಾಂ ದಾಟುವ ಹಾಗಿಲ್ಲ. 20 ಪರ್ಸೆಂಟಿನ ಹೂವಾದರೆ ಒಂದೇ ಗ್ರಾಮಿನಲ್ಲಿ 200 ಮಿಲಿಗ್ರಾಂ. ನಾನು ಹಾಕಿದ್ದು ಕೈಯಂದಾಜಿನಲ್ಲಿ. ನನ್ನ ಗಿಡ ಎಷ್ಟು ಪರ್ಸೆಂಟೋ ಯಾರಿಗೆ ಗೊತ್ತು? ಅದರಲ್ಲಿ ಎಷ್ಟು ತುಪ್ಪಕ್ಕೆ ಇಳಿಯಿತು ಅನ್ನೋದೂ ಗೊತ್ತಿಲ್ಲ. ನಾನು ಕಾಲು ಚಮಚ ತಿನ್ನುತ್ತಿದ್ದೆ, ಏನೂ ಆಗಿರಲಿಲ್ಲ. ಅದನ್ನೇ ಲೆಕ್ಕ ಅಂದುಕೊಂಡಿದ್ದೆ.

ಸೇದಿದರೆ ಕೆಲವೇ ನಿಮಿಷಕ್ಕೆ ಗೊತ್ತಾಗುತ್ತೆ. ತಿಂದರೆ ಅರ್ಧ ಗಂಟೆಯಿಂದ ಎರಡು ಗಂಟೆ ಬೇಕು. ಲಿವರ್‌ನಲ್ಲಿ ಟಿಎಚ್‌ಸಿ ಇನ್ನೂ ಜೋರಾದ ಇನ್ನೊಂದು ರೂಪಕ್ಕೆ ತಿರುಗುತ್ತೆ. ಅದರ ಅಮಲು ಹನ್ನೆರಡು ತಾಸಾದರೂ ಬಿಡದೆ ಇರಬಹುದು. ಅಮ್ಮ ರಾತ್ರಿಯೆಲ್ಲ ಆಸ್ಪತ್ರೆಯಲ್ಲಿದ್ದಳು, ಎದೆಗೆ ವೈರು ಅಂಟಿಸಿಕೊಂಡು. ಮಾರನೇ ದಿನ ಮಧ್ಯಾಹ್ನವೂ ಗೋಡೆ ಹಿಡಿದೇ ಬಾತ್‌ರೂಮಿಗೆ ಹೋದಳು.

ನಾನಂತೂ ಮಾಡೋದು ಬಿಟ್ಟೆ. ನೀವು ಬಿಡಲ್ಲ ಅಂದರೆ, ಬೇರೆಯವರು ಅನ್ನಕ್ಕೆ ಹಾಕಿಕೊಳ್ಳುವಂಥ ಪದಾರ್ಥದಲ್ಲಿ ಮಾತ್ರ ಬೇಡ. ಡಬ್ಬಕ್ಕೆ ಬೀಗ ಇರಲಿ. ಮಕ್ಕಳಿರುವ ಮನೆಯಲ್ಲಿ ಬೇಡವೇ ಬೇಡ. ಯಾರಾದರೂ ಅಪ್ಪಿತಪ್ಪಿ ತಿಂದರೆ ಇಳಿಯುತ್ತೆ ಬಿಡು ಅಂತ ಕಾಯಬೇಡಿ. ವಿಷದ ಸಹಾಯವಾಣಿ ಇದೆ, 1-844-764-7669. ಉಸಿರು, ಎದೆ, ಎಚ್ಚರ ಯಾವುದರಲ್ಲಿ ಏರುಪೇರಾದರೂ ನೇರ 911. ಮರ್ಯಾದೆಗೆ ಅಂಜಿ ನಿಜ ಮುಚ್ಚಿಡಬೇಡಿ.

ಅಮ್ಮನಿಗೆ ಮೂರನೇ ದಿನ ವಿಷಯ ಹೇಳಿದೆ. "ಭಂಗಿ ಸೊಪ್ಪಾ? ತುಪ್ಪಕ್ಕಾ?" ಅಂದು ತುಂಬಾ ಹೊತ್ತು ನನ್ನನ್ನೇ ನೋಡಿದಳು. ಈಗ ಉಪ್ಪಿನಕಾಯಿ ಬಾಟಲಿಯನ್ನೂ ಮೂಸಿ ನೋಡಿಯೇ ಬಡಿಸಿಕೊಳ್ಳುತ್ತಾಳೆ.